ಕೊನೆಗೆ ಬಂದವನ ಜಾಗ

ಖೋಬರಿನ ಮಾಲೊಂದರ ನೆಲಮಾಳಿಗೆಯಲ್ಲಿ ಹೊಸದಾಗಿ ಒಂದು ಲಾಂಡ್ರಿ ತೆರೆದಿದ್ದಾರೆ. ಕಳೆದ ವಾರ ಅದರ ಮುಂದೆ ಹಾದು ಹೋಗುವಾಗ ಬಿಸಿ ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಗಂಜಿ ಹಾಕಿದ ಒದ್ದೆ ಬಟ್ಟೆ ಚುರ್ರೆಂದು, ಹಳೆಯ ವಾಸನೆಯೊಂದು ಮೂಗಿಗೆ ಬಡಿಯಿತು. ಅರಬರು ತಲೆಗೆ ಹೊದೆಯುವ ಘುತ್ರಾವನ್ನು ಇಸ್ತ್ರಿ ಮಾಡುವಾಗ ಏಳುವ ವಾಸನೆ ಅದು, ಅರ್ಧ ಅನ್ನದ್ದು, ಅರ್ಧ ಕಾದ ಹತ್ತಿಯದು. ನಾನು ಅಲ್ಲೇ ನಿಂತುಬಿಟ್ಟೆ. ಒಳಗಿದ್ದ ಕೆಲಸದವನು ಏನು ಬೇಕೆಂದು ಕೇಳಿದ. ಏನಿಲ್ಲ ಎಂದು ಕೈಯಾಡಿಸಿ ಮುಂದೆ ನಡೆದೆ. ಕಾರು ಹತ್ತಿದ ಮೇಲೂ ವಾಸನೆ ಮೂಗಿನಲ್ಲೇ ಇತ್ತು... ಇಲ್ಲೇ ಥುಕ್ಬಾ ಬಡಾವಣೆಯಲ್ಲಿ ಲಾಂಡ್ರಿ ನಡೆಸುತ್ತಿದ್ದ ಕಾಕ ಪಕ್ಕದ ಸೀಟಿನಲ್ಲಿ ಬಂದು ಕೂತ ಹಾಗೆ.

ಅದೇ ಬೆಳಿಗ್ಗೆ ಮೊಬೈಲಿನ ನಮ್ಮ ಫುಟ್‌ಬಾಲ್ ಗ್ರೂಪಿನಲ್ಲಿ ಈ ವರ್ಷದ ಜಗಳ ಶುರುವಾಗಿತ್ತು. ತಂಡದಲ್ಲಿ ಒಂದೇ ಜಾಗ ಉಳಿದಿದೆ, ಅದು ಯಾರಿಗೆ? ಕಾಕ ಇದ್ದಷ್ಟು ವರ್ಷ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು. ಅವರು ಹೋದ ಮೇಲಿನ ಮೊದಲ ವರ್ಷ ಇದು. ಆ ಜಾಗದ ಬಗ್ಗೆ ಮಾತಾಡುವ ಹಕ್ಕು ನನಗಿದೆ, ಯಾಕೆಂದರೆ ಒಮ್ಮೆ ಆ ಜಾಗಕ್ಕೆ ಬಂದವನು ನಾನು.

ನಮ್ಮದು ದೊಡ್ಡ ಟೂರ್ನಿಯೇನಲ್ಲ. ಚಳಿಗಾಲದ ಶುಕ್ರವಾರಗಳಲ್ಲಿ, ಬಾಡಿಗೆಗೆ ಸಿಗುವ ಟರ್ಫ್ ಮೈದಾನದಲ್ಲಿ ಏಳೇಳು ಜನರ ಆಟ. ಉಡುಪಿ, ಮಂಗಳೂರು, ಭಟ್ಕಳ ಕಡೆಯಿಂದ ಇಲ್ಲಿಗೆ ದುಡಿಯಲು ಬಂದವರ ತಂಡಗಳು. ಆದರೆ ಆಟಕ್ಕಿಂತ ಆಟಗಾರರನ್ನು ಆರಿಸುವ ದಿನವೇ ದೊಡ್ಡದು. ಆಸಕ್ತರ ಹೆಸರೆಲ್ಲ ಬಂದ ಮೇಲೆ ಕಮಿಟಿಯವರು ಒಬ್ಬೊಬ್ಬರಿಗೂ ಸ್ಟಾರ್ ಕೊಡುತ್ತಾರೆ. ಒಳ್ಳೆಯವನಿಗೆ ಐದು, ಏನೂ ಬಾರದವನಿಗೆ ಒಂದು. ಫೋಟೋದ ಕೆಳಗೆ ಸ್ಟಾರ್ ಹಾಕಿದ ಪೋಸ್ಟರ್ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಶುಕ್ರವಾರದ ಜುಮಾ ನಮಾಜಿನ ನಂತರ ತಂಡದ ಮ್ಯಾನೇಜರುಗಳು ಕೂತು, ಚೀಟಿ ಎತ್ತಿ, ಸರದಿಯಂತೆ ಸುತ್ತಿಗೊಬ್ಬ ಆಟಗಾರನ ಹೆಸರು ಕರೆದು ಸಹಿ ಮಾಡಿಸುತ್ತಾರೆ. ಆಮೇಲೆ ವಾರಗಟ್ಟಲೆ ಜಗಳ. ಅವನಿಗೆ ನಾಲ್ಕು ಹೇಗೆ ಬಂತು, ಇವನನ್ನು ಯಾಕೆ ಬಿಟ್ಟಿರಿ, ನಿಮ್ಮ ಡಿಫೆನ್ಸಿಗೆ ಬೇಲಿಯಾದರೂ ಹಾಕಿ... ನಮ್ಮಲ್ಲಿ ಬ್ಯಾರಿ, ಕೊಂಕಣಿ, ನವಾಯತಿ, ತುಳು ಎಲ್ಲ ಭಾಷೆಯೂ ಇತ್ತು. ಎಲ್ಲರಿಗೂ ಅರ್ಥವಾಗುವಂತೆ ಬಯ್ಯಬೇಕಾದ್ದರಿಂದ ಜಗಳ ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು.

ಸಹಿ ದಿನ ಕಳೆದ ಮೇಲೂ ಕೆಲವರು ಬರುತ್ತಿದ್ದರು. ಊರಿನಿಂದ ರಜೆ ಮುಗಿಸಿ ತಡವಾಗಿ ಹೊರಟವರು, ಇಕಾಮಾ ಎಂಬ ವಾಸದ ಪರವಾನಗಿ ಕೈಗೆ ಸಿಗಲು ಕಾದವರು, ಬೇರೆ ಊರಿನಿಂದ ವರ್ಗವಾದವರು. ಅಷ್ಟರಲ್ಲಿ ತಂಡಗಳೆಲ್ಲ ತುಂಬಿರುತ್ತಿದ್ದವು. ಅವರ ಆಟ ಯಾರೂ ನೋಡಿರದ ಕಾರಣ ಕಮಿಟಿ ಕಣ್ಣುಮುಚ್ಚಿ ಒಂದು ಸ್ಟಾರ್ ಹಾಕುತ್ತಿತ್ತು. ಕಾಕ ನಮ್ಮ ತಂಡದ ಮ್ಯಾನೇಜರಾಗಿದ್ದರು. ಅವರದೊಂದು ಹಟವಿತ್ತು: ಒಂದು ಜಾಗ ಖಾಲಿ ಬಿಡಬೇಕು, ಕೊನೆಗೆ ಬಂದವನಿಗೇ ಅದನ್ನು ಕೊಡಬೇಕು. ಕೊಟ್ಟ ಮೇಲೆ ಅವನನ್ನು ಬೆಂಚಿನಲ್ಲಿ ಕೂರಿಸುವ ಹಾಗಿಲ್ಲ. ಪ್ರತಿ ಪಂದ್ಯದಲ್ಲೂ ಸ್ವಲ್ಪ ಹೊತ್ತಾದರೂ ಆಡಿಸಬೇಕು.

ಕಾಕನಿಗೆ ಫುಟ್‌ಬಾಲ್ ಚೆನ್ನಾಗಿ ಗೊತ್ತಿತ್ತು ಎಂದು ಈಗ ಕೆಲವರು ಹೇಳುತ್ತಾರೆ. ಸುಳ್ಳು. ಈ ವರ್ಷ ಇವನೇ ಮಿಂಚುತ್ತಾನೆ ಎಂದು ಅವರು ಹೇಳಿದವನು ಮೊದಲ ಪಂದ್ಯದಲ್ಲೇ ಕಾಲು ಉಳುಕಿಸಿಕೊಳ್ಳುತ್ತಿದ್ದ. ಆಫ್‌ಸೈಡ್ ಎಂದರೇನು ಎಂದು ಅವರಿಗೆ ಕೊನೆಯವರೆಗೂ ಖಚಿತವಿರಲಿಲ್ಲ. ನಮ್ಮ ಮ್ಯಾಚುಗಳಲ್ಲಿ ಆಫ್‌ಸೈಡ್ ಇರಲೇ ಇಲ್ಲ, ಆದರೂ ರೆಫರಿಯ ಹತ್ತಿರ ಅದಕ್ಕಾಗಿ ಕೂಗಾಡುತ್ತಿದ್ದರು. ಒಂದು ವರ್ಷ ಹೊಸ ಜೆರ್ಸಿ ಬಂದಾಗ ನಮ್ಮ ತಂಡ ನೋಡಲು ಲಕ್ಷಣವಾಗಿರಬೇಕೆಂದು ಎಲ್ಲವನ್ನೂ ಅರಬರ ಉದ್ದ ನಿಲುವಂಗಿ ಥೋಬಿನ ಹಾಗೆ ಗಂಜಿ ಹಾಕಿ ಇಸ್ತ್ರಿ ಮಾಡಿದರು. ಪಾಲಿಸ್ಟರ್ ಜೆರ್ಸಿ ರಟ್ಟಿನಂತಾಯಿತು. ನಮ್ಮ ಗೋಲ್‌ಕೀಪರ್ ಕೈ ಮೇಲೆತ್ತಲಾಗದೆ ಎರಡು ಗೋಲು ಬಿಟ್ಟ. "ನೀರು ಹಾಕಿ ನೆನೆಸಿ ಮಾರಾಯ ಅವನನ್ನು!" ಎಂದು ಎದುರು ತಂಡದವರೇ ಬಾಟಲಿ ತಂದುಕೊಟ್ಟರು.

ನಾನು ಖಮೀಸ್ ಮುಶೈತಿನಿಂದ ಬಂದಾಗ ಆ ವರ್ಷದ ಸಹಿ ದಿನ ಕಳೆದಿತ್ತು. ಅಲ್ಲಿ ಆಸ್ಪತ್ರೆಯೊಂದರ ಔಷಧಿ ಗೋದಾಮಿನಲ್ಲಿ ಕೆಲಸ. ಕಂಪನಿ ಇಲ್ಲಿಗೆ ಎತ್ತಿಹಾಕಿತು. ಖಮೀಸ್ ಇದೇ ದೇಶದ ಇನ್ನೊಂದು ಮೂಲೆಯಲ್ಲಿರುವ, ಬೆಟ್ಟದ ಮೇಲಿನ ತಂಪು ಊರು. ಇಲ್ಲಿ ಕಡಲ ಸೆಕೆ, ಉಸಿರಾಡಿದರೆ ಮೈ ಒದ್ದೆ. ಯಾರ ಪರಿಚಯವೂ ಇರಲಿಲ್ಲ. ಅದೇ ವರ್ಷ ಊರಿನಲ್ಲಿ ಅಮ್ಮ ತೀರಿಕೊಂಡಿದ್ದರು. ವರ್ಗದ ಕಾಗದಗಳು ನಡುವೆ ಸಿಕ್ಕಿಕೊಂಡಿದ್ದರಿಂದ ಹೋಗಲು ಆಗಿರಲಿಲ್ಲ. ಮಣ್ಣಿಗೆ ಹಾಕುವುದನ್ನು ಫೋನಿನಲ್ಲಿ ನೋಡಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರಿದ್ದರು...

ಪ್ಯಾಂಟು ಇಸ್ತ್ರಿಗೆ ಕೊಡಲು ಹೋದಾಗ ಕಾಕ ನನ್ನ ಮಾತಿನಲ್ಲಿ ಊರು ಗುರುತಿಸಿದರು.

"ಪೊರ್ಬುಗಳಾ ನೀವು?" ಎಂದರು. ನಮ್ಮ ಕಡೆ ಕ್ರೈಸ್ತರನ್ನು ಹಾಗೆ ಕರೆಯುವುದು.

ಹೌದೆಂದೆ.

"ಶುಕ್ರವಾರ ಎಂತ ಮಾಡ್ತೀರಿ?"

"ಮಲಗ್ತೇನೆ."

"ಮತ್ತೆ?"

"ಎದ್ದು ಮತ್ತೆ ಮಲಗ್ತೇನೆ."

ಕಾಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ನನ್ನನ್ನು ನೋಡಿದರು. "ಬಾಲ್ ಒದ್ದು ಗೊತ್ತುಂಟಾ?"

"ಶಾಲೆಯಲ್ಲಿ ಒದ್ದದ್ದು. ಈಗ ಬರುವುದಿಲ್ಲ."

"ಬರುವವರು ಬೇಕಾದಷ್ಟು ಇದ್ದಾರೆ. ಶುಕ್ರವಾರ ಬನ್ನಿ."

ಅಷ್ಟೇ. ನನ್ನ ಫೋಟೋ ತೆಗೆದರು. ಕಮಿಟಿ ಒಂದು ಸ್ಟಾರ್ ಕೊಟ್ಟಿತು. ಆ ಶುಕ್ರವಾರ ಹೋಗಿ ಕಾಕನ ಮುಂದೆ ನಾಲ್ಕು ಸಲ ಚೆಂಡು ಒದ್ದೆ.

ಪ್ಯಾಂಟು ತರಲು ಹೋದ ಸಂಜೆ ಅಂಗಡಿಯಲ್ಲಿ ನನ್ನದೇ ವಿಚಾರಣೆ ನಡೆಯುತ್ತಿತ್ತು. ನಾನು ಒಳಗೆ, ಪ್ಲಾಸ್ಟಿಕ್ ಹೊದಿಸಿ ತೂಗುಹಾಕಿದ ಥೋಬುಗಳ ಹಿಂದೆ ನನ್ನ ಬಟ್ಟೆ ಹುಡುಕುತ್ತಿದ್ದೆ. ಹೊರಗೆ ಕೂತವರಿಗೆ ಕಾಣುತ್ತಿರಲಿಲ್ಲ. ಕಾಕನಿಗೆ ಗೊತ್ತಿತ್ತು.

ಎಲ್ಲರಿಗಿಂತ ಜೋರಾಗಿದ್ದವರು ಭಟ್ಕಳದ ಅತ್ತರ್ ವ್ಯಾಪಾರಿ. ಪಕ್ಕದ ಅಂಗಡಿ ಅವರದು. ತಂಡಕ್ಕಾಗಿ ಗಂಟಲು ಹರಿದುಕೊಳ್ಳುತ್ತಿದ್ದ ಮನುಷ್ಯ. "ಕಾಕಾ, ಎಂತ ಮಾರಾಯ್ರೆ ಇದು? ಒಂದು ಸ್ಟಾರ್! ಅದೂ ಕಮಿಟಿಯವರು ಪಾಪ ಕಂಡು ಕೊಟ್ಟದ್ದು. ಸೊನ್ನೆ ಕೊಡ್ಲಿಕ್ಕೆ ಇಲ್ಲ ಅಂತ."

ಇನ್ನೊಬ್ಬರು ನನ್ನ ಪರ ವಹಿಸಿದರು. "ಹಾಗಲ್ಲ. ಖಮೀಸಿನಿಂದ ಬಂದ ಜನ ಅದು. ಬೆಟ್ಟದ ಗಾಳಿ. ದಮ್ಮು ಇರ್ತದೆ. ನೋಡ್ತಾ ಇರಿ, ಇಂಥವರೇ ಕೊನೆಗೆ ಮಿಂಚುವುದು."

"ದಮ್ಮಾ? ಲಾಂಡ್ರಿ ಮೆಟ್ಟಿಲು ಹತ್ತುವಾಗ ಅವ ಉಸಿರು ಬಿಟ್ಟದ್ದು ನನ್ನ ಅಂಗಡಿಗೆ ಕೇಳಿದೆ!"

ಎಲ್ಲರೂ ನಕ್ಕರು. ಥೋಬುಗಳ ಹಿಂದೆ ನನಗೂ ನಗು ಬಂತು. ತಿಂಗಳುಗಳ ನಂತರ ಮೊದಲ ಸಲ ಬಂದ ನಗು ಎಂದು ಆಮೇಲೆ ನೆನಪಾಯಿತು. ಕಾಕ ನನ್ನ ಪರವಾಗಿ ಏನಾದರೂ ಹೇಳುತ್ತಾರೆಂದು ಕಾದೆ.

"ಅವರ ಆಟ ನಾನು ನೋಡಿದ್ದೇನೆ," ಎಂದರು ಕಾಕ. "ಆಟ ಇಲ್ಲ. ದಮ್ಮೂ ಇಲ್ಲ. ಮಿಂಚುವುದೂ ಇಲ್ಲ. ನಾನು ಹಾಗೆ ಹೇಳಿದ್ದೇನಾ?"

"ಮತ್ತೆ ಯಾಕೆ ಸಹಿ ಮಾಡಿಸಿದ್ದು?"

"ಬಂದಿದ್ದಾರಲ್ಲ, ಅದಕ್ಕೆ. ಬಂದವರನ್ನು ಎಲ್ಲಿ ಇಡುವುದು, ನಿನ್ನ ಅತ್ತರ್ ಬಾಟ್ಲಿಯಲ್ಲಾ? ನೀನು ಈ ಊರಿಗೆ ಬಂದಾಗ ನಿನಗೆ ಎಷ್ಟು ಸ್ಟಾರ್ ಇತ್ತು ಮಾರಾಯ?"

ಅತ್ತರಿನವರು ತಮ್ಮ ಅಂಗಡಿಗೆ ಗಿರಾಕಿ ಬಂದರೆಂದು ಎದ್ದು ಹೋದರು.

ಇಂಥ ಕಥೆಗಳಲ್ಲಿ ಮುಂದೇನಾಗುತ್ತದೆ ಎಂದು ನನಗೆ ಗೊತ್ತು. ಒಂದು ಸ್ಟಾರಿನವನು ಫೈನಲಿನಲ್ಲಿ ಗೋಲು ಹೊಡೆಯಬೇಕು. ನಾನು ಹೊಡೆಯಲಿಲ್ಲ. ಸೆಮಿಫೈನಲಿನಲ್ಲಿ ಸಮಬಲದಲ್ಲಿದ್ದಾಗ ಕಾಕ ಹಟ ಹಿಡಿದು ನನ್ನನ್ನು ಇಳಿಸಿದರು. ಎದುರಾಳಿ ನನ್ನ ಎಡಕ್ಕೆ ಹೋಗುವವನಂತೆ ಮಾಡಿ ಬಲಕ್ಕೆ ಹೋದ. ನಾನು ಎಡಕ್ಕೇ ಹೋಗಿ ಕೂತೆ. ಗೋಲಾಯಿತು. ಸೋತೆವು. ಆ ಸಂಜೆ ಗ್ರೂಪಿನಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಖಮೀಸಿಗೆ ವಾಪಸು ಕಳಿಸಿ ಎಂಬುದು ಅದರಲ್ಲಿ ಎಲ್ಲಕ್ಕಿಂತ ಮರ್ಯಾದೆಯದು.

ಕಾಕ ಮಾರನೆಯ ವರ್ಷದವರೆಗೆ ಉತ್ತರ ಕೊಡಲಿಲ್ಲ. ಮತ್ತೆ ಸಹಿ ದಿನ ಬಂತು. ನಾಲ್ಕು ಸ್ಟಾರಿನವರು, ಐದು ಸ್ಟಾರಿನವನೊಬ್ಬ, ಎಲ್ಲ ಸಾಲಾಗಿ ಕೂತಿದ್ದರು. ಚೀಟಿ ಎತ್ತಿದಾಗ ಮೊದಲ ಅವಕಾಶ ನಮ್ಮ ತಂಡಕ್ಕೆ ಬಂದಿತ್ತು. ಅತ್ತರಿನವರು ಐದು ಸ್ಟಾರಿನವನ ಹೆಸರನ್ನು ಕಾಕನ ಕಿವಿಯಲ್ಲಿ ಹೇಳುತ್ತಲೇ ಇದ್ದರು. ಕಾಕ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ನನ್ನ ಹೆಸರು ಕರೆದರು.

ಕಮಿಟಿಯವರು "ಕಾಕಾ, ಇದು ಮೊದಲನೇ ಸುತ್ತು" ಎಂದರು.

"ಗೊತ್ತುಂಟು. ನನಗೆ ಕಿವಿ ಕೇಳ್ತದೆ."

"ಅವರು ಕೊನೆಗೂ ಸಿಗ್ತಾರೆ ಮಾರಾಯ್ರೆ! ಅವರನ್ನು ಯಾರು ತಗೊಳ್ತಾರೆ?" ಅತ್ತರಿನವರ ಧ್ವನಿಯಲ್ಲಿ ಅಳುವೇ ಇತ್ತು.

"ಅದಕ್ಕೇ ಮೊದಲು ಕರೆದದ್ದು," ಎಂದರು ಕಾಕ. "ಈ ವರ್ಷ ಕೊನೆಗೆ ಬರುವವನು ಬೇರೆ ಇದ್ದಾನೆ. ಆ ಜಾಗ ಅವನದ್ದು. ಇವರು ಈಗ ಹಳಬರು. ಹಳಬರನ್ನು ಮೊದಲು ಕರೆಯುವುದು."

ಆ ವರ್ಷವೂ ಕಮಿಟಿ ನನಗೆ ಒಂದೇ ಸ್ಟಾರ್ ಕೊಟ್ಟಿತ್ತು. ಆ ವರ್ಷವೂ ನಾವು ಗೆಲ್ಲಲಿಲ್ಲ. ಕಾಕ ಮ್ಯಾನೇಜರಾಗಿದ್ದಷ್ಟು ಕಾಲ ಗೆಲ್ಲಲೇ ಇಲ್ಲ. ಆದರೆ ಕೊನೆಗೆ ಬಂದವರು ಯಾರೂ ನಮ್ಮ ತಂಡ ಬಿಟ್ಟು ಹೋಗಲಿಲ್ಲ. ಕಂಪನಿಯೋ, ವೀಸಾ ಕೊಟ್ಟ ಕಫೀಲನೋ ಊರು ಬಿಡಿಸಿದರೆ ಮಾತ್ರ ಹೋದರು. ವಿಮಾನ ನಿಲ್ದಾಣಕ್ಕೆ ಅವರನ್ನು ಬಿಡಲು ತಂಡವೇ ಹೋಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ, ಮಧ್ಯಾಹ್ನದ ನಮಾಜಿಗೆಂದು ಅಂಗಡಿಯ ಶಟರ್ ಎಳೆಯುವಾಗ ಕಾಕ ಕುಸಿದರು. ಆಸ್ಪತ್ರೆಗೆ ಒಯ್ದದ್ದು ಅತ್ತರಿನವರೇ. ಎದೆಯೊಳಗೆ ಏನೋ ಮೊದಲೇ ಕೆಟ್ಟಿತ್ತಂತೆ... ನಮಗೆ ಯಾರಿಗೂ ಹೇಳಿರಲಿಲ್ಲ. ಇಲ್ಲೇ ಮಣ್ಣು ಮಾಡಿದರು. ಬೇರೆ ಧರ್ಮದವನಾದ ನಾನು ಕಬರಸ್ತಾನದ ಗೇಟಿನ ಹೊರಗೆ, ರಸ್ತೆಯ ಬದಿಯಲ್ಲಿ ನಿಂತಿದ್ದೆ. ಒಳಗಿಂದ ಬಂದವರೊಬ್ಬರು ಕೈಯ ಮಣ್ಣು ಕೊಡವುತ್ತಾ, "ಆಯಿತು ಪೊರ್ಬುಗಳೇ" ಎಂದರು. ಇಲ್ಲಿನ ಗೋರಿಗಳ ಮೇಲೆ ಹೆಸರು ಬರೆಯುವುದಿಲ್ಲ. ಕಾಕನ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ.

ಈ ವರ್ಷ ಅತ್ತರಿನವರು ಮ್ಯಾನೇಜರು. ಸಹಿ ದಿನ ಕಳೆದ ಮೇಲೆ ಬೈಂದೂರು ಕಡೆಯ ಒಬ್ಬ ಅಡುಗೆಯವನು ಬಂದಿದ್ದಾನೆ. ಕ್ಯಾಂಟೀನಿನಲ್ಲಿ ಕೆಲಸ, ಮಾತು ಕಡಿಮೆ. ಅವನಿಗೂ ಒಂದು ಸ್ಟಾರ್. ಅದೇ ಹೊತ್ತಿಗೆ ನಾಲ್ಕು ಸ್ಟಾರಿನವನೊಬ್ಬ ಬೇರೆ ತಂಡದ ಜೊತೆ ಜಗಳವಾಡಿ ಹೊರಬಿದ್ದ. ಗ್ರೂಪಿನಲ್ಲಿ ಎಲ್ಲರೂ ಒಂದೇ ಮಾತು: ಕಾಕನ ನೆನಪಿಗಾಗಿ ಈ ಸಲ ಕಪ್ ಗೆಲ್ಲಲೇಬೇಕು, ಹಾಗಾಗಿ ನಾಲ್ಕು ಸ್ಟಾರಿನವನನ್ನೇ ತೆಗೆದುಕೊಳ್ಳಬೇಕು. ಕಾಕನ ಫೋಟೋ ಹಾಕಿ, ಕೆಳಗೆ ಕಪ್ಪಿನ ಚಿತ್ರ ಹಾಕಿ, ಎಲ್ಲರೂ ಅವರಿಗಾಗಿ ಪ್ರಾರ್ಥಿಸಿ ಎಂದು ದುವಾ ಕೇಳಿಕೊಂಡರು.

ನಾನು ಗ್ರೂಪಿನಲ್ಲಿ ಬರೆಯುವವನಲ್ಲ. ಹಬ್ಬಕ್ಕೆ ಶುಭಾಶಯ ಹಾಕಿದರೆ ಹೆಚ್ಚು. ಆ ದಿನ ಮಾಲಿನಿಂದ ಹೊರಟವನು ಕಾರನ್ನು ಬದಿಗೆ ನಿಲ್ಲಿಸಿ ಬರೆದೆ. "ಕಾಕನ ನೆನಪಿಗೆ ಕಪ್ ಬೇಡ. ಕೊನೆಗೆ ಬಂದವನಿಗೆ ಜಾಗ ಕೊಡಿ. ಅದನ್ನು ತೆಗೆದರೆ ಕಾಕನ ಫೋಟೋವನ್ನೂ ತೆಗೆಯಿರಿ."

ಆಮೇಲೆ ಒಬ್ಬ ಚುಚ್ಚಿದ: "ಅಷ್ಟು ಪ್ರೀತಿ ಇದ್ರೆ ನಿಮ್ಮ ಜಾಗವನ್ನೇ ಬಿಟ್ಟುಕೊಡಿ ಸಾರ್. ನಿಮಗೂ ಒಂದೇ ಸ್ಟಾರ್ ಅಲ್ವಾ?"

ಹಿಂದಿನ ನಾನಾಗಿದ್ದರೆ ಬಿಟ್ಟುಕೊಡುತ್ತಿದ್ದೆ. ಬಿಟ್ಟುಕೊಡುವುದು ನನಗೆ ಸುಲಭ. "ಕೊಡುವುದಿಲ್ಲ," ಎಂದು ಬರೆದೆ. "ನನ್ನನ್ನು ಕಾಕ ಮೊದಲ ಸುತ್ತಿನಲ್ಲಿ ಕರೆದದ್ದು. ನಾನೂ ಆಡ್ತೇನೆ, ಅವನೂ ಆಡಬೇಕು."

ಅತ್ತರಿನವರ ಫೋನ್ ಬಂತು. "ಎಂತ ನಿಮ್ಮ ಹಟ ಮಾರಾಯ್ರೆ? ಒಂದು ವರ್ಷ, ಒಂದೇ ವರ್ಷ ಗೆಲ್ಲಲಿಕ್ಕೆ ಬಿಡಿ. ಅವರ ಹೆಸರಲ್ಲಿ ಒಂದು ಕಪ್ ಇಡುವ. ಆ ಮನುಷ್ಯನಿಗೆ ನಾನು ಬೇರೆ ಎಂತ ಮಾಡ್ಲಿಕ್ಕೆ ಆಯ್ತು?" ಕಾಕನನ್ನು ಎತ್ತಿ ಕಾರಿಗೆ ಹಾಕಿದ ಕೈ ಅವರದು. ಅದನ್ನು ನಾನು ಮರೆತಿರಲಿಲ್ಲ.

"ಆ ಅಡುಗೆಯವನಿಗೆ ಜಾಗ ಕೊಡಿ, ಇದೊಂದು ಮಾಡಿ," ಎಂದೆ.

"ಸೋತರೆ?"

"ಸೋಲುವ. ನಮಗೆ ಗೊತ್ತಿಲ್ಲದ್ದಾ?"

ಅವರ ಹಿಂದೆ ಅಂಗಡಿಗೆ ಬಂದ ಯಾರೋ ಗಿರಾಕಿ ಅರಬಿಯಲ್ಲಿ ಬೆಲೆ ಕೇಳುತ್ತಿದ್ದುದು ಕೇಳಿಸಿತು. ಕೊನೆಗೆ, "ಯಲ್ಲಾ, ಆಯ್ತು, ಅವನ ಫೋಟೋ ಕಳಿಸಿ," ಎಂದರು. "ನಗುವ ಫೋಟೋ ಇದ್ರೆ ಒಳ್ಳೆದು. ಆಟ ಅಂತೂ ಇಲ್ಲ."

ನಿನ್ನೆ ಮೊದಲ ಪಂದ್ಯವಿತ್ತು. ಅತ್ತರಿನವರು ದ್ವಿತೀಯಾರ್ಧದಲ್ಲಿ ಬೈಂದೂರಿನವನನ್ನು ಇಳಿಸಿದರು. ಬದಿಯಿಂದ ಅವನನ್ನೂ ನನ್ನನ್ನೂ ಒಂದೇ ಉಸಿರಿಗೆ ಬಯ್ಯುತ್ತಿದ್ದರು, ಆದರೆ ಹೊರಗೆ ಕರೆಯಲಿಲ್ಲ. ಅವನು ಚೆಂಡು ಬಂದ ಕಡೆಗಿಂತ ಚೆಂಡು ಹೋದ ಕಡೆಗೇ ಹೆಚ್ಚು ಓಡಿದ. ಎರಡು ಗೋಲಿನಿಂದ ಸೋತೆವು. ಆಟ ಮುಗಿದ ಮೇಲೆ ಅವನು ಬೂಟು ಬಿಚ್ಚದೆ ನನ್ನ ಪಕ್ಕದಲ್ಲಿ ಬಂದು ಕೂತ. ಬಯ್ಗುಳದಿಂದ ಮುಖ ಕೆಂಪಾಗಿತ್ತು.

"ಮುಂದಿನ ವಾರ ಬರುದು ಬ್ಯಾಡ್ದಾ ಅಣ್ಣಾ?" ಎಂದು ಕೇಳಿದ.

"ಬರಬೇಕು," ಎಂದೆ.

ಮೈದಾನದ ಆ ಬದಿಯಲ್ಲಿ, ಇದನ್ನು ನನಗಿಂತ ಜೋರಾಗಿ ಹೇಳುತ್ತಿದ್ದ ಕಾಕ ನಿಲ್ಲುತ್ತಿದ್ದ ಜಾಗದಲ್ಲಿ, ಯಾರೂ ಇರಲಿಲ್ಲ. ಅವನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎನಿಸಿ ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿದೆ.