ಡೈರಿ ಮುಂದೆ ಕೆಂಪಾದ ನೀರು

ನಮ್ಮ ಬೋರ್‌ವೆಲ್ ನೀರಿನ ಬಗ್ಗೆ ನನಗೆ ಜಂಬವಿತ್ತು. ಮನೆ ಕ್ಯಾಸಂಬಳ್ಳಿ ರಸ್ತೆಗೇ ಇದೆ. ಬಸ್ಸಿಗೆ ಕಾಯುವವರು, ಟೊಮೆಟೊ ತೋಟಕ್ಕೆ ಕೂಲಿಗೆ ಹೋಗುವವರು ಬಾಗಿಲಲ್ಲಿ ನಿಂತು ನೀರು ಕೇಳುತ್ತಿದ್ದರು. ಇಲ್ಲ ಎಂದವಳಲ್ಲ ನಾನು.

ಹೋದ ಬೇಸಿಗೆಯಲ್ಲಿ ನೀರು ಶುದ್ಧ ಮಾಡುವ ಮಿಷಿನ್ ಮಾರುವವನೊಬ್ಬ ಉರಿಗಾಂನಿಂದ ಬೈಕಿನಲ್ಲಿ ಬಂದು ಹಾಲಿನ ಡೈರಿ ಮುಂದೆ ಮೇಜು ಹಾಕಿದ. ಯಾರಾದರೂ ಮನೆಯ ನೀರು ತನ್ನಿ, ಪರೀಕ್ಷೆ ಮಾಡಿ ತೋರಿಸುತ್ತೇನೆ ಅಂದ. ಹಾಲು ಹಾಕಲು ಬಂದ ಹೆಂಗಸರೆಲ್ಲ ಹಿಂದೆ ಸರಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಮ್ಮನೆ ನೀರು ನೋಡಪ್ಪ, ಎಳನೀರಿದ್ದಂಗೈತೆ" ಎನ್ನುತ್ತ ಚೊಂಬು ತಂದುಕೊಟ್ಟೆ.

ಅವನು ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ಮಿಷಿನ್ ನೀರು, ಇನ್ನೊಂದರಲ್ಲಿ ನಮ್ಮದು. ಎರಡಕ್ಕೂ ಲೋಹದ ಕಡ್ಡಿಗಳನ್ನು ಇಳಿಸಿ ಕರೆಂಟ್ ಕೊಟ್ಟ. ಅವನ ನೀರು ಹಾಗೇ ಇತ್ತು. ನಮ್ಮದು ನೋಡನೋಡುತ್ತಿದ್ದಂತೆ ಕೆಂಪಗಾಗಿ, ಮೇಲೆ ಕೊಳಕು ನೊರೆ ತೇಲಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಇದನ್ನಾ ಅಕ್ಕ, ಎಲ್ರಿಗೂ ಕುಡ್ಸಿದ್ದು?" ಅಂದಳು ಪಕ್ಕದ ಮನೆಯವಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ.

ಮಾರನೆಯ ದಿನ, ಕೂಲಿಗೆ ಹೋಗುವ ಹೆಂಗಸೊಬ್ಬಳು ಎಂದಿನಂತೆ ಬಾಗಿಲಲ್ಲಿ ನಿಂತಳು. ಊರಾಚೆಯ ಕೇರಿಯವಳು, ನನಗಿಂತ ಹಿರಿಯಳು. "ಒಸಿ ನೀರು ಉಯ್ಯಮ್ಮ" ಅಂದಳು. ಆ ಕೆಂಪು ನೀರನ್ನು ಅವಳ ಹೊಟ್ಟೆಗೆ ಹೇಗೆ ಹಾಕಲಿ? "ನೀರಿಲ್ಲ, ಓಗು" ಎಂದುಬಿಟ್ಟೆ. ಒಳಗಿನ ತುಂಬಿದ ಕೊಡ ಅವಳಿಗೆ ಕಾಣುತ್ತಿತ್ತು. ಅದನ್ನೊಮ್ಮೆ ನೋಡಿ ಹೋದಳು. ಆಮೇಲೆ ನಮ್ಮ ಬಾಗಿಲಲ್ಲಿ ನಿಲ್ಲಲೇ ಇಲ್ಲ.

ನಾನು ಹಠ ಹಿಡಿದು ಮಿಷಿನ್ ಹಾಕಿಸಿದೆ. ಅದೇ ಮನುಷ್ಯ ಬಂದು ಜೋಡಿಸಿ, ಮತ್ತೆ ಅದೇ ಆಟ ತೋರಿಸಿದ. ಮಿಷಿನ್ ನೀರು ತಿಳಿಯಾಗೇ ಉಳಿಯಿತು. ನನಗೇನು ತೋಚಿತೋ, ಅದೇ ಲೋಟಕ್ಕೆ ಅಡುಗೆಮನೆಯ ಉಪ್ಪು ಒಂದು ಚಿಟಿಕೆ ಹಾಕಿದೆ. ಅದೂ ಕೆಂಪಾಯಿತು!

ಅವನು ತಬ್ಬಿಬ್ಬಾಗಿ ನಿಜ ಹೇಳಿದ. ಕರಗಿದ ಉಪ್ಪಿದ್ದರೆ ನೀರಿನಲ್ಲಿ ಕರೆಂಟ್ ಹರಿಯುತ್ತದೆ. ಆಗ ಕಬ್ಬಿಣದ ಕಡ್ಡಿ ಸವೆದು ಬಣ್ಣ ಬಿಡುತ್ತದೆ. ಮಿಷಿನ್ನಿನೊಳಗೆ ಸುತ್ತಿಟ್ಟ ತೆಳುವಾದ ಪೊರೆಯಿದೆ. ಪಂಪು ಒತ್ತಿದಾಗ ನೀರು ಅದನ್ನು ದಾಟುತ್ತದೆ, ಉಪ್ಪು ಬಹುಪಾಲು ಈಚೆಗೇ ಉಳಿದು ಬೇರೆ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಚೂರುಪಾರು ಮಾತ್ರ ನುಸುಳುತ್ತದೆ. "ನಿಮ್ ನೀರಲ್ಲಿ ಉಪ್ಪು ಜಾಸ್ತಿ, ಅದು ನಿಜ. ಆದ್ರೆ ಆ ಕೆಂಪು ಕಡ್ಡೀದು ಅಕ್ಕ, ನೀರಿಂದಲ್ಲ."

ಬಾಯಿಗೆ ಬಂದಂತೆ ಬಯ್ದು ಕಳಿಸಿದೆ. ಮರುದಿನ ಬೆಳಿಗ್ಗೆ ಬಾಗಿಲಲ್ಲೇ ಕಾದೆ. ಆ ಹೆಂಗಸು ರಸ್ತೆಯ ಆಚೆ ಬದಿಯಲ್ಲಿ ಬರುತ್ತಿದ್ದಳು, ಕೈಯಲ್ಲೊಂದು ಹಳೇ ಬಾಟ್ಲಿ.

"ಬಾರಮ್ಮ, ನೀರು ಕುಡ್ಕೊಂಡು ಓಗು. ಅವತ್ತು ನಮ್ ನೀರು ಕೆಟ್ಟೈತೆ ಅಂತ ನಾಚ್ಕೆ ಆಗಿ ಇಲ್ಲ ಅಂದೆ ಕಣಮ್ಮ."

ಅವಳು ನಿಂತು ನಕ್ಕಳು. "ಅಂಗಾ? ನಾನು ನಮ್ ಜಾತಿಗೆ ಅಂದ್ಕೊಂಡಿದ್ದೆ ಬಿಡಮ್ಮ."

"ಅಯ್ಯೋ, ನಾನ್ಯಾವತ್ತು ಅಂಗ್ ಮಾಡಿದ್ದೀನಿ?" ಎನ್ನುತ್ತ ಒಳಗಿನಿಂದ ಚೊಂಬು ತಂದೆ.

ಅವಳು ಬಾಟ್ಲಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೆಟ್ಟಿಲ ಕೆಳಗೇ ಬಗ್ಗಿ, ಎರಡೂ ಕೈ ಸೇರಿಸಿ ಬೊಗಸೆ ಹಿಡಿದಳು.

ನನ್ನ ಕೈ ಹಾಗೇ ನಿಂತಿತು. ಡೈರಿ ಮುಂದೆ ಪಟ್ಟ ನಾಚಿಕೆ ಇದರ ಮುಂದೆ ಯಾವ ಲೆಕ್ಕ? ಇಷ್ಟು ವರ್ಷ ಆ ಬೊಗಸೆಗೆ ಮೇಲಿನಿಂದ ಸುರಿದಿದ್ದೆ. ಒಂದು ದಿನವೂ ಅವಳ ಕೈಗೆ ಲೋಟ ಕೊಟ್ಟಿರಲಿಲ್ಲ.