ಹವಾಲ್ದಾರರ ಕಿರುಬೆರಳು

ಅವರ ಬಲಗೈ ಕಿರುಬೆರಳಿನ ಉಗುರು ಬೆಳೆದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಉಳಿದ ಬೆರಳುಗಳ ಉಗುರು ಹೇಗೆ ಬೇಕಾದರೂ ಇರಲಿ, ಇದೊಂದನ್ನು ಮಾತ್ರ ಚರ್ಮಕ್ಕೆ ತಾಗುವಷ್ಟು ಕತ್ತರಿಸಿರುತ್ತಿದ್ದರು. ತುದಿಯಲ್ಲಿ ಎಷ್ಟು ಸೋಪು ತಿಕ್ಕಿದರೂ ಹೋಗದ ಎಣ್ಣೆಯ ಕಪ್ಪು. ಪಿಸ್ತೂಲಿನೊಳಗೆ ಗುಂಡು ಕೂರುವ ಗೂಡಿನ ಬಾಯಿಗೆ ಆ ತುದಿಯನ್ನಿಟ್ಟು, ಕಣ್ಣು ಮುಚ್ಚಿ, ಅಲ್ಲಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಅವರ ಪದ್ಧತಿ. ದೇವರ ಎದುರು ನಿಂತವರ ಹಾಗೆ ಕಣ್ಣು ಮುಚ್ಚುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು.

ನಾನು ಕುವೈತಿಗೆ ಬಂದದ್ದು ಗಂಡನ ಹಿಂದೆ. ಅವರಿಗೆ ಹೋಟೆಲೊಂದರ ಆಫೀಸಿನಲ್ಲಿ ಕೆಲಸ, ನಮ್ಮ ಮನೆ ರಿಗ್ಗೈಯಲ್ಲಿ. ಒಂದು ವರ್ಷ ಮನೆಯಲ್ಲಿ ಕೂತು ಬೇಸತ್ತ ಮೇಲೆ ನನಗೆ ಸಿಕ್ಕಿದ್ದು ಊರಾಚೆಯ ಒಂದು ಶೂಟಿಂಗ್ ಕ್ಲಬ್ಬಿನ ಆಯುಧ ಕೋಣೆಯ ಕೌಂಟರು. ಬಂದ ಪಿಸ್ತೂಲಿನ ನಂಬರ್ ಬರೆದುಕೊಳ್ಳಬೇಕು, ಹೋಗುವಾಗ ಮತ್ತೆ ಬರೆಯಬೇಕು. ಉಡುಪಿ ಕಡೆಯವಳಾದ ನನಗೆ ಅಲ್ಲಿಯವರೆಗೆ ಗೊತ್ತಿದ್ದ ಆಯುಧವೆಂದರೆ ಅಮ್ಮ ತರಕಾರಿ ಹೆಚ್ಚುವ ಮೆಟ್ಟುಕತ್ತಿ ಒಂದೇ. ಈ ಕೆಲಸ ಎಂದು ಊರಿಗೆ ಫೋನಿನಲ್ಲಿ ಹೇಳಿದಾಗ ಅಮ್ಮ ಬೇರೆ ಯಾವ ಕೆಲಸವೂ ಇಲ್ಲವಾ ಎಂದು ಕೇಳಿದರು.

ಆ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಗೋಕಾಕದ ಕಡೆಯವರು. ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತ ಹವಾಲ್ದಾರರಾಗಿ ನಿವೃತ್ತರಾಗಿ, ಮಗಳ ಮದುವೆಗೆ ದುಡ್ಡು ಕೂಡಿಸಲೆಂದು ಕುವೈತಿಗೆ ಬಂದು, ಮದುವೆಯಾಗಿ ಮೊಮ್ಮಗಳು ಶಾಲೆಗೆ ಹೋಗುವಷ್ಟಾದರೂ ಇಲ್ಲೇ ಉಳಿದುಬಿಟ್ಟವರು. ಕ್ಲಬ್ಬಿನ ಮ್ಯಾನೇಜರರಿಂದ ಹಿಡಿದು ಚಹಾ ಮಾಡುವ ಬಂಗಾಳಿ ಭಾಯಿಯ ತನಕ ಎಲ್ಲರಿಗೂ ಅವರು ಹವಾಲ್ದಾರ್. ನನಗೂ ಅಷ್ಟೇ. ಅವರಿಗೆ ನಾನು ಮೊದಲ ದಿನದಿಂದಲೇ ತಂಗಿ.

ಮೊದಲ ದಿನ ಅವರು ನನಗೆ ರಿಜಿಸ್ಟರು ಕೊಡಲಿಲ್ಲ, ಪಿಸ್ತೂಲು ಕೊಟ್ಟರು. ಮೊದಲು ತಾವು ನೋಡಿದರು. ಕೆಳಗಿನಿಂದ ಗುಂಡಿನ ಮ್ಯಾಗಜೀನು ತೆಗೆದರು, ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆ ಎಳೆದರು, ಕಿರುಬೆರಳಿಟ್ಟು ನೋಡಿದರು, ಸ್ಲೈಡು ಮುಚ್ಚಿ ಖಾಲಿ ಐತಿ ಎಂದು ನನ್ನ ಕೈಗಿಟ್ಟರು. ನಾನು ಅದನ್ನು ಕೌಂಟರಿನ ಮೇಲಿದ್ದ ತಟ್ಟೆಯಲ್ಲಿ ಇಡಲು ಹೋದೆ. ಕೈ ಹಿಡಿದು ನಿಲ್ಲಿಸಿದರು.

"ನೀ ನೋಡಿದೇನು?"

"ನೀವು ಈಗಷ್ಟೇ ನೋಡಿದ್ರಲ್ಲ. ನೀವು ಕೊಟ್ಟದ್ದನ್ನೂ ನೋಡಬೇಕಾ?"

"ನಾ ಕೊಟ್ರೂ ನೋಡಬೇಕು. ಕಣ್ಣು ತನಗ ಏನ ಬೇಕೋ ಅದನ್ನ ನೋಡ್ತೈತಿ, ತಂಗೀ. ಬೆರಳಿಗೆ ಸುಳ್ಳ ಹೇಳಾಕ ಬರಂಗಿಲ್ಲ."

ನನಗೆ ಇದು ಹಿರಿಯರಿಗೆ ಮಾಡುವ ಅವಮಾನದಂತೆ ಕಂಡಿತು. ಅವರು ಕೊಟ್ಟದ್ದನ್ನು ಅವರ ಎದುರೇ ಪರೀಕ್ಷೆ ಮಾಡುವುದೆಂದರೆ ನಮ್ಮ ಕಡೆ ಮುಖಕ್ಕೆ ಹೊಡೆದ ಹಾಗೆ. ಆದರೆ ನಾನು ಬೆರಳಿಡುವ ತನಕ ಅವರು ಜಾಗ ಬಿಟ್ಟು ಕದಲುತ್ತಿರಲಿಲ್ಲ. ದಿನಕ್ಕೆ ಇಪ್ಪತ್ತು ಸಲವಾದರೂ ಸರಿ, ಕೈಕಟ್ಟಿ ನಿಂತಿರುತ್ತಿದ್ದರು. ಒಂದು ವಾರದಲ್ಲಿ ನನ್ನ ಕಿರುಬೆರಳೂ ಕಪ್ಪಾಯಿತು, ಮನೆಯಲ್ಲಿ ಗಂಡ ಅದನ್ನು ನೋಡಿ ಗೇಲಿ ಮಾಡಿದರು.

ಕ್ಲಬ್ಬಿಗೆ ಬರುವ ಪಿಸ್ತೂಲುಗಳೆಲ್ಲ ಹೆಚ್ಚಾಗಿ ಗುರಿ ಅಭ್ಯಾಸದ ದೊಡ್ಡ ಪಿಸ್ತೂಲುಗಳು. ಕಿಸೆಯಲ್ಲಿ ಇಟ್ಟುಕೊಳ್ಳುವ ಚಿಕ್ಕ ಪಿಸ್ತೂಲು ತರುತ್ತಿದ್ದವರು ಒಬ್ಬರೇ, ಪರವಾನಗಿ ಇದ್ದ ಒಬ್ಬ ನಿವೃತ್ತ ಅಧಿಕಾರಿ. ವಯಸ್ಸಾದ ಕುವೈತಿ, ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ನಮ್ಮಂಥವರಿಗೆ ಇಲ್ಲಿ ಅಂಥದ್ದನ್ನು ಇಟ್ಟುಕೊಳ್ಳುವ ಮಾತೇ ಇಲ್ಲ. ಹವಾಲ್ದಾರರು ಆಯುಷ್ಯವಿಡೀ ಪಿಸ್ತೂಲು ಒರೆಸಿದರು, ಸ್ವಂತದ್ದೊಂದು ಅವರಿಗೆ ಎಂದೂ ಇರಲಿಲ್ಲ. ಬೇಕೆಂದೂ ಅನಿಸಲಿಲ್ಲವಂತೆ.

ಆ ಅಧಿಕಾರಿ ಮೊದಲ ಸಲ ಬಂದಾಗ ಹವಾಲ್ದಾರರು ಮೇಜಿನ ಮೇಲೆ ಒಂದು ಬಿಳಿ ಕಾಗದ ಹಾಸಿ, ಪಿಸ್ತೂಲನ್ನು ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಗಿನದನ್ನೆಲ್ಲ ಆ ಕಾಗದದ ಮೇಲೆ ಉದುರಿಸಿದರು. ಬಟ್ಟೆಯ ಜುಂಗು, ಟಿಶ್ಯೂ ಪೇಪರಿನ ಚೂರು, ಮರಳು, ಅಂಟಿಕೊಂಡ ಖರ್ಜೂರದ ಸಿಪ್ಪೆ ಒಂದು. ಜಪಮಣಿಯ ದಾರದ ಎಳೆಯೂ ಇತ್ತು. ಅಧಿಕಾರಿ ಮುಜುಗರದಿಂದ ಗಡ್ಡ ನೀವಿಕೊಂಡರು. ಹವಾಲ್ದಾರರು ಸಿಟ್ಟಾಗಲಿಲ್ಲ. ತಮ್ಮ ಗಡುಸು ಹಿಂದಿಯಲ್ಲಿ, ಫರ್ವಾನಿಯಾದ ತಮ್ಮ ರೂಮಿನಲ್ಲಿ ಏಳು ಜನ ಇದ್ದೇವೆ, ಹೇಗೋ ಹೊಂದಿಕೊಂಡು ಹೋಗುತ್ತದೆ, ಆದರೆ ಪಿಸ್ತೂಲು ಇರುವ ಕಿಸೆಯಲ್ಲಿ ಮಾತ್ರ ಅದೊಂದೇ ಬಾಡಿಗೆದಾರನಾಗಿರಬೇಕು ಎಂದರು. ಬೀಗದ ಕೈ ಒಂದು ಕಿಸೆಯೊಳಗೆ ಉರುಳುತ್ತ ಹೋಗಿ ಕುದುರೆಗೆ, ಅಂದರೆ ಟ್ರಿಗರಿಗೆ, ಸಿಕ್ಕಿಕೊಂಡರೆ, ಹೋಗುವುದು ಕಿಸೆಯಲ್ಲ, ತೊಡೆ. ಅಧಿಕಾರಿ ಗಟ್ಟಿಯಾಗಿ ನಕ್ಕುಬಿಟ್ಟರು.

ಆಮೇಲೆ ಅವರಿಗೆಂದೇ ದಪ್ಪ ಚರ್ಮದ ಒಂದು ಚೀಲ ಹೊಲಿದುಕೊಟ್ಟರು, ಕುದುರೆ ಪೂರ್ತಿ ಮುಚ್ಚುವ ಹಾಗೆ. ಬೇಸಿಗೆಯಲ್ಲಿ ಮೈ ಬೆವರಿಗೇ ಕಬ್ಬಿಣ ತುಕ್ಕು ಹಿಡಿಯುತ್ತದೆ, ವಾರಕ್ಕೊಮ್ಮೆ ಖಾಲಿ ಮಾಡಿ ಒರೆಸಿ ಎಂದು ಹೇಳಿಕೊಟ್ಟರು. ಎಣ್ಣೆಯ ವಿಷಯದಲ್ಲಿ ಅವರು ಭಾರಿ ಜಿಪುಣರು. ಎರಡು ಹನಿ ಹಾಕಿ, ಹಳೆಯ ಬನಿಯನ್ನಿನ ತುಂಡಿನಿಂದ ಅದನ್ನೂ ಒರೆಸಿ ತೆಗೆಯುತ್ತಿದ್ದರು. ಹಾಗಾದರೆ ಹಾಕುವುದು ಯಾಕೆ ಎಂದು ನಾನು ಕೇಳಿದ್ದೆ. ಈ ದೇಶದ ದೂಳು ಎಣ್ಣೆ ಕಂಡಲ್ಲಿ ಸಂಸಾರ ಹೂಡುತ್ತದೆ ಎಂದಿದ್ದರು. ಗುಂಡುಗಳು ಮಾತ್ರ ಒರೆಸುವ ಮೇಜಿನ ಹತ್ತಿರ ಸುಳಿಯುವಂತಿರಲಿಲ್ಲ, ಅವಕ್ಕೆ ಬೇರೆ ಕೋಣೆ, ಬೇರೆ ಬೀಗ. ಕೆಲಸ ಮುಗಿದ ಮೇಲೆ ಮೊಣಕೈ ತನಕ ಕೈ ತೊಳೆದೇ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ಜೋಳದ ಒಣ ಕಟಕ ರೊಟ್ಟಿ, ಶೇಂಗಾ ಚಟ್ನಿ. ನನ್ನ ಡಬ್ಬಿಯ ಕುಚ್ಚಲಕ್ಕಿ ಅನ್ನ ನೋಡಿ, ಇದನ್ನು ತಿನ್ನುವುದಾ ಎಣಿಸುವುದಾ ಎಂದು ಚೇಷ್ಟೆ ಮಾಡುತ್ತಿದ್ದರು.

ಅಧಿಕಾರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಕೈಗೆ ಬಂದ ಪಿಸ್ತೂಲನ್ನು ಕೌಂಟರಿನ ಪಕ್ಕದ ಗೋಡೆಗೆ ಹಿಡಿದು, ಕುದುರೆ ಎಳೆದು ಒಂದು ಸಲ ಟಿಕ್ ಅನ್ನಿಸಿ ನೋಡುವುದು. ಹವಾಲ್ದಾರರು ಪ್ರತಿ ಸಲ, ತಪ್ಪಿ ಹಾರಿದ ಗುಂಡನ್ನು ತಡೆಯಲೆಂದು ಮೂಲೆಯಲ್ಲಿಟ್ಟ ಮರಳು ಪೆಟ್ಟಿಗೆಯನ್ನು ತೋರಿಸುತ್ತಿದ್ದರು, ನೋಡುವುದಿದ್ದರೆ ಅಲ್ಲಿ ನೋಡಿ ಎಂದು. ಅವರು ಹೌದು ಹೌದು ಎನ್ನುತ್ತಿದ್ದರು, ಮುಂದಿನ ಸಲ ಮತ್ತೆ ಗೋಡೆಯೇ. ಆ ಗೋಡೆ ಗೋಡೆಯಲ್ಲ, ತೆಳು ಹಲಗೆ. ಅದರ ಆಚೆ ಚಹಾದ ಭಾಯಿಯ ಕೋಣೆ.

ಒಂದು ರಂಜಾನಿನಲ್ಲಿ ಅದು ನಡೆಯಿತು. ಹವಾಲ್ದಾರರಿಗೆ ಸಕ್ಕರೆ ಕಾಯಿಲೆ. ರಂಜಾನಿನ ಹಗಲು ಎಲ್ಲರೆದುರು ತಿನ್ನುವಂತಿಲ್ಲ ನಿಜ, ಆದರೆ ನಮ್ಮಂಥವರು ಸ್ಟೋರಿನ ಬಾಗಿಲು ಹಾಕಿಕೊಂಡು ತಿನ್ನುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ನಾನು ತಿನ್ನುತ್ತಿದ್ದೆ. ಅವರು ಒಪ್ಪುತ್ತಿರಲಿಲ್ಲ. ಭಾಯಿ ನೀರೂ ಕುಡಿಯದೆ ನೆಲ ಒರೆಸುವಾಗ ತಾನು ಬಾಗಿಲ ಹಿಂದೆ ರೊಟ್ಟಿ ಮುರಿಯುವುದು ಸರಿಯಲ್ಲ ಎಂಬ ಹಟ. ಔಷಧಿ ತಗೊಂಡು ಊಟ ಬಿಟ್ಟರೆ ಬಿದ್ದುಹೋಗ್ತೀರಿ ಎಂದು ನಾನು ಗದರಿದ್ದೆ. ಮುದಿ ಕತ್ತೆಗೆ ಏನೂ ಆಗುವುದಿಲ್ಲ ಎಂದಿದ್ದರು. ಬೆರಳ ತುದಿಗಳು ಕೆಲವು ತಿಂಗಳಿಂದ ಜೋಮು ಹಿಡಿದಂತೆ ಇವೆ ಎಂಬುದನ್ನು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಧಿಕಾರಿ ಬಂದರು. ಅವಸರದಲ್ಲಿದ್ದರು. ಕುದುರೆ ಯಾಕೋ ಬಿಗಿಯಾಗಿದೆ, ಹೇಗೆ ಬಿಗಿ ಎಂದು ತಾನೇ ತೋರಿಸುತ್ತೇನೆ ಎಂದು ಪಿಸ್ತೂಲನ್ನು ಚೀಲ ಸಮೇತ ಕೊಟ್ಟರು. ಹವಾಲ್ದಾರರು ಮರಳು ಪೆಟ್ಟಿಗೆಯ ಹತ್ತಿರ ಹೋಗಿ ಮೊದಲು ಸ್ಲೈಡು ಎಳೆದರು. ಒಂದು ಗುಂಡು ಹಾರಿ ಬಂದು ಅವರ ಅಂಗೈಗೆ ಬಿತ್ತು. ಆಮೇಲೆ ಮ್ಯಾಗಜೀನು ತೆಗೆದರು. ಕ್ರಮ ತಿರುವುಮುರುವಾಗಿತ್ತು. ಮ್ಯಾಗಜೀನು ಒಳಗಿರುವಾಗ ಸ್ಲೈಡು ಎಳೆದರೆ, ಒಂದು ಗುಂಡು ಹೊರಗೆ ಬಂದ ಜಾಗಕ್ಕೆ ಕೆಳಗಿನಿಂದ ಇನ್ನೊಂದು ಏರಿ ಕೂರುತ್ತದೆ. ಹೊಸಬರು ಮಾಡುವ ತಪ್ಪು. ನೂರಾರು ಜನಕ್ಕೆ ಇದನ್ನು ಮಾಡಬೇಡಿ ಎಂದು ಕಲಿಸಿದವರು ಅವರು.

ಅವರು ಸ್ಲೈಡನ್ನು ಮತ್ತೆ ಒಂದಿಷ್ಟು ಎಳೆದು ಕಿರುಬೆರಳಿಟ್ಟರು. ಕಣ್ಣು ಮುಚ್ಚಿದರು. ಖಾಲಿ ಐತಿ ಎಂದು ನನ್ನ ಕೈಗಿಟ್ಟರು.

ಅಧಿಕಾರಿ ಆಗಲೇ ಕೈ ಚಾಚಿದ್ದರು, ಯಲ್ಲಾ ಯಲ್ಲಾ, ಬೇಗ ಎನ್ನುತ್ತಿದ್ದರು. ಸತ್ಯ ಹೇಳುತ್ತೇನೆ, ಆ ಕ್ಷಣ ನನಗೆ ಹಾಗೇ ಕೊಟ್ಟುಬಿಡೋಣ ಎನಿಸಿತ್ತು. ಹವಾಲ್ದಾರರು ಬಿಳಿಚಿಕೊಂಡು ಮೇಜು ಹಿಡಿದು ನಿಂತಿದ್ದರು, ಅವರನ್ನು ಬೇಗ ಕೂರಿಸಬೇಕಿತ್ತು. ಆದರೆ ಅಷ್ಟು ಸುಸ್ತಿನಲ್ಲೂ ಅವರು ಕೂರಲಿಲ್ಲ, ನನ್ನ ಬೆರಳನ್ನೇ ನೋಡುತ್ತ ನಿಂತಿದ್ದರು. ಹಾಗಾಗಿ ನಾನು ಸ್ಲೈಡು ಎಳೆದೆ. ಹಿತ್ತಾಳೆಯ ಗುಂಡೊಂದು ಹಾರಿ ಕೌಂಟರಿನ ಮೇಲೆ ಟಣ್ ಎಂದು ಬಿದ್ದು, ಉರುಳಿ ರಿಜಿಸ್ಟರಿಗೆ ತಾಗಿ ನಿಂತಿತು.

ಹಲಗೆಯಾಚೆ ಭಾಯಿಯ ಗೊರಕೆ ಕೇಳುತ್ತಿತ್ತು. ರಂಜಾನಿನ ಹಗಲು ಚಹಾದ ಕೆಲಸ ಇಲ್ಲದ್ದರಿಂದ ಅವನು ಗೋಡೆಗೆ ತಾಗಿಸಿ ಚಾಪೆ ಹಾಕಿ ಮಲಗಿದ್ದ. ಅಧಿಕಾರಿ ಗೋಡೆಯನ್ನು ನೋಡಿದರು, ತಮ್ಮ ಕೈಯನ್ನು ನೋಡಿಕೊಂಡರು, ಏನೋ ಪ್ರಾರ್ಥನೆ ಹೇಳಿಕೊಂಡು ಕುರ್ಚಿಯಲ್ಲಿ ಕುಸಿದರು.

ಅವರನ್ನು ಕಳುಹಿಸಿದ ಮೇಲೆ ನಾನು ಸ್ಟೋರಿನ ಬಾಗಿಲು ಹಾಕಿ ಹವಾಲ್ದಾರರಿಗೆ ಸಕ್ಕರೆ ನೀರು ಕುಡಿಸಿದೆ. ಏನೂ ಆಗಲಿಲ್ಲವಲ್ಲ, ಅಧಿಕಾರಿ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ಹೋಗಿದ್ದಾರೆ, ನಾನೂ ಹೇಳುವುದಿಲ್ಲ, ನಾಳೆಯಿಂದ ಸರಿಯಾಗಿ ಊಟ ಮಾಡಿ, ಖಲಾಸ್ ಎಂದೆ. ಅವರು ತಮ್ಮ ಕಿರುಬೆರಳನ್ನು ಹಲ್ಲಿನಿಂದ ಕಚ್ಚಿ ನೋಡಿಕೊಳ್ಳುತ್ತಿದ್ದರು. ಗುರುತು ಬೀಳುವಷ್ಟು ಕಚ್ಚಿದ್ದರು.

"ಗೊತ್ತಾಗವಲ್ದು," ಎಂದರು. "ಬೆರಳೂ ಸುಳ್ಳ ಹೇಳಾಕ ಕಲೀತು, ತಂಗೀ. ರಿಜಿಸ್ಟರ್ ತಗೀ. ಬರಿ."

ಬೇಡ ಎಂದೆ. ಬರೆದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇಕಾಮಾ, ಈ ದೇಶದಲ್ಲಿ ಇರುವ ಪರವಾನಗಿಯೇ, ಹೋಗುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಬೇಡಿಕೊಂಡೆ, ಅತ್ತೂಬಿಟ್ಟೆ.

"ಬರೀದಿದ್ರ ನಾಳೆ ಮತ್ತ ನನ್ನ ಕೈಯಾಗ ಪಿಸ್ತೂಲ ಬರ್ತೈತಿ," ಎಂದರು. "ನೀ ಒಂದಿನ ರಜಾದಾಗ ಇದ್ದರ?"

ಬರೆದೆ. ಅವರು ಹೇಳಿದ ಹಾಗೆ, ಮೊದಲು ಸ್ಲೈಡು, ಆಮೇಲೆ ಮ್ಯಾಗಜೀನು, ತಪ್ಪು ಯಾರದ್ದು, ಬೆರಳಿಗೆ ಏನಾಗಿದೆ, ಎಲ್ಲ ಬರೆದೆ. ಕೆಳಗೆ ಅವರು ಕನ್ನಡದಲ್ಲಿ ಸಹಿ ಮಾಡಿದರು. ಆ ರಿಜಿಸ್ಟರಿನಲ್ಲಿ ಇರುವ ಕನ್ನಡ ಅದೊಂದೇ.

ತಿಂಗಳೊಳಗೆ ಅವರನ್ನು ಊರಿಗೆ ಕಳುಹಿಸಿದರು. ಮ್ಯಾನೇಜರು ಮರ್ಯಾದೆಯಿಂದಲೇ ಕಳುಹಿಸಿದರು, ಅಷ್ಟು ಹೇಳಬೇಕು. ಕೊನೆಯ ದಿನ ಹವಾಲ್ದಾರರು ಬ್ರಷ್ಷು, ಬನಿಯನ್ನಿನ ತುಂಡುಗಳ ಡಬ್ಬಿಯನ್ನು ನನಗೆ ಕೊಟ್ಟರು. ಆಮೇಲೆ ಚಹಾದ ಕೋಣೆಗೆ ಹೋಗಿ ಭಾಯಿಯ ಚಾಪೆಯನ್ನು ತಾವೇ ಎಳೆದು ಎದುರಿನ ಇಟ್ಟಿಗೆ ಗೋಡೆಯ ಬುಡಕ್ಕೆ ಹಾಸಿದರು. ಇನ್ನು ಮುಂದೆ ಇಲ್ಲೇ ಮಲಗಬೇಕೆಂದು ಅವನಿಂದ ಮಾತು ತಗೊಂಡರು. ಯಾಕೆಂದು ಹೇಳಲಿಲ್ಲ.

ಊರಿನಿಂದ ತಿಂಗಳಿಗೊಮ್ಮೆಯಾದರೂ ಫೋನು ಮಾಡುತ್ತಿದ್ದರು. ಮೊಮ್ಮಗಳ ವಿಷಯ, ಕಾಲಿನ ಮಾಯದ ಗಾಯದ ವಿಷಯ. ಕೊನೆಗೆ ಯಾವಾಗಲೂ ಒಂದೇ ಪ್ರಶ್ನೆ, ನೋಡ್ತೀಯಲ್ಲ, ಎಂದು. ನೋಡ್ತೇನೆ ಎನ್ನುತ್ತಿದ್ದೆ. ಅವರ ಜಾಗಕ್ಕೆ ಬಂದ ಹೊಸ ಮೇಸ್ತ್ರಿಗೆ ನಾನು ಹಾಗೆ ನೋಡುವುದು ಇಷ್ಟವಿಲ್ಲ, ತನ್ನ ಮೇಲೆ ನಂಬಿಕೆ ಇಲ್ಲ ಎಂದು ಮುಖ ದಪ್ಪ ಮಾಡುತ್ತಾನೆ. ಮಾಡಲಿ.

ಕೊನೆಯ ಸಲ ಆಸ್ಪತ್ರೆಯಿಂದ ಮಾತಾಡಿದಾಗ ಅವರ ದನಿ ಬಹಳ ಇಳಿದಿತ್ತು. ನೋಡ್ತೇನೆ ಎಂದ ಮೇಲೂ ಫೋನಿಡಲಿಲ್ಲ.

"ನಾ ಕೊಟ್ರೂ?"

"ನೀವು ಕೊಟ್ಟರೂ," ಎಂದೆ.

ಹನ್ನೆರಡು ದಿನಗಳ ನಂತರ ಅವರ ಮಗಳು ಫೋನು ಮಾಡಿ ಅಪ್ಪ ಹೋದರೆಂದು ಹೇಳಿದಳು. ನಾನು ಕೌಂಟರಿನಲ್ಲಿ ಕೂತು ಅಳುತ್ತಿದ್ದಾಗ ಭಾಯಿ ಚಹಾ ತಂದಿಟ್ಟ. ವಿಷಯ ಕೇಳಿ ಅವನೂ ಕಣ್ಣೊರೆಸಿಕೊಂಡ. ಒಳ್ಳೆಯ ಮನುಷ್ಯ, ದೀದಿ, ಎಂದ. ಆ ಚಾಪೆಯ ಹಟ ಯಾಕೋ ತನಗೆ ಇವತ್ತಿಗೂ ಅರ್ಥವಾಗಿಲ್ಲ, ಬಹುಶಃ ಸೊಂಟಕ್ಕೆ ಗಾಳಿ ತಾಗಬಾರದೆಂದು ಇರಬೇಕು, ಆದರೆ ಮಾತು ಕೊಟ್ಟಾಗಿದೆ, ಈಗಲೂ ಅಲ್ಲೇ ಹಾಸುತ್ತೇನೆ ಎಂದ.

ಹೌದು, ಗಾಳಿ ತಾಗಬಾರದೆಂದೇ ಎಂದೆ. ಅಷ್ಟರಲ್ಲಿ ಹೊಸ ಮೇಸ್ತ್ರಿ ಒಂದು ಪಿಸ್ತೂಲು ತಂದು ಖಾಲಿ ಇದೆ ಎಂದು ನನ್ನೆದುರು ಇಟ್ಟ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. ಕಿರುಬೆರಳು ಇಟ್ಟು ನೋಡಿದೆ.