ರಿವರ್ಸ್ ಕ್ಯಾಮೆರಾ

ಕೊಡಿಗೇಹಳ್ಳಿಯ ನಮ್ಮ ಮನೆ ಅಂಗಳದಲ್ಲಿ ಅಪ್ಪನ ಹಳೇ ಕಾರನ್ನು ಬಿಚ್ಚಿ ಮತ್ತೆ ಜೋಡಿಸುವಷ್ಟರಲ್ಲಿ ಒಂದು ವರ್ಷ ಕಳೆಯಿತು. ತುಕ್ಕು ಕೆರೆದೆ, ಬಣ್ಣ ಹೊಡೆದೆ, ಪವರ್ ಸ್ಟೀರಿಂಗ್ ಕೂರಿಸಿದೆ. ಕೊನೆಗೆ ಹಿಂದುಗಡೆ ಒಂದು ಕ್ಯಾಮೆರಾ ಹಾಕಿದೆ. ನಮ್ಮ ಗಲ್ಲಿ ಕಿರಿದು. ಕಾರು ತೆಗೆಯುವಾಗಲೆಲ್ಲ ಅಪ್ಪ ಹಿಂದೆ ನಿಂತು ಕೈಯಾಡಿಸುತ್ತಾ “ಬರ್ಲಿ, ಬರ್ಲಿ” ಅನ್ನೋದನ್ನು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಮೊದಲ ದಿನ ರಿವರ್ಸ್ ಹಾಕಿದೆ. ಪರದೆ ತುಂಬಾ ಅಪ್ಪನ ಲುಂಗಿ, ಅದರ ಮುಂದೆ ಆಡುತ್ತಿರುವ ಕೈ.

“ಅಪ್ಪಾ, ಪಕ್ಕಕ್ಕೆ ಬನ್ನಿ! ಕ್ಯಾಮೆರಾಗೆ ನೀವೇ ಅಡ್ಡ!” ಅಂತ ಕಿರುಚಿದೆ.

“ಅದರ ಪಾಡಿಗೆ ಅದು ಇರ್ಲಿ. ನೀನು ಬಾ,” ಅಂದರು.

ಈಗಲೂ ಅವರ ಕೈ ನೋಡಿಕೊಂಡೇ ಕಾರು ತೆಗೆಯುತ್ತೇನೆ. ಮುಂಚೆ ಕನ್ನಡಿಯಲ್ಲಿ ನೋಡುತ್ತಿದ್ದೆ, ಈಗ ಪರದೆಯಲ್ಲಿ.